ಗಾಜಿನ ಆಮೆ ಮೂರನೇ ದಿನ ಯಾಕೆ ಒಡೆಯಿತು?

ಪ್ರಶ್ನೆ: ನಾನು ದಾವಣಗೆರೆಯವಳು. ಮಕ್ಕಳಿಗೆ ಮಣ್ಣಿನ ಕೆಲಸ ಹೇಳಿಕೊಡುತ್ತೇನೆ. ಮನೆಯಲ್ಲಿ ಮಣ್ಣಿನ ವಸ್ತು ಸುಡುವ ಸಣ್ಣದೊಂದು ಎಲೆಕ್ಟ್ರಿಕ್ ಕಿಲ್ನ್ (ಕುಲುಮೆ) ಇದೆ. ಗಾಜನ್ನೂ ಎರಕ ಹೊಯ್ದು ನೋಡೋಣ ಅಂತ ಹಸಿರು ಬಾಟಲಿಗಳನ್ನು ಒಡೆದೆ. ಅದು ಸಾಲದೆ, ಓವನ್ನಿನಲ್ಲಿ ಇಡುವ ಒಂದು ಒಡೆದ ಬೌಲಿನ ಚೂರುಗಳನ್ನೂ ಸೇರಿಸಿದೆ. ಪ್ಲಾಸ್ಟರ್ ಅಚ್ಚಿನಲ್ಲಿ ತುಂಬಿ 850 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಸ್ವಿಚ್ ಆಫ್ ಮಾಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ 9 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ದಪ್ಪದ ಮುದ್ದಾದ ಆಮೆ ಬಂತು. ಒಳಗೆ ಒಂದೆರಡು ಚೂರು ಮಾತ್ರ ಕರಗದೆ ಹಾಗೇ ಕಾಣುತ್ತಿದ್ದವು. ಎರಡು ದಿನ ಅದರ ಹೊಟ್ಟೆಯನ್ನು ವಾಟರ್ ಪೇಪರಿನಲ್ಲಿ ಉಜ್ಜಿದೆ, ಒರಟಾದ 220ರ ಪೇಪರಿನಿಂದ ನೇರ ನುಣುಪಾದ 1000ಕ್ಕೆ ಹೋದೆ. ಒದ್ದೆ ಇದ್ದಾಗ ಫಳಫಳ, ಒಣಗಿದರೆ ಮಂಜು. ಮೂರನೇ ದಿನ ಸಂಜೆ ಯಾರೂ ಮುಟ್ಟದೆ ಕಪಾಟಿನ ಮೇಲೇ ಟಪ್ ಅಂತ ಎರಡು ಹೋಳಾಯಿತು. ಏನು ತಪ್ಪಾಯಿತು? ಹೊಳಪು ಬರಿಸುವುದು ಹೇಗೆ? ಮುಂದೆ ಮಗನಿಗೆ ದೂರದರ್ಶಕದ ಲೆನ್ಸನ್ನು ಹೀಗೇ ಎರಕ ಹೊಯ್ಯಬಹುದಾ?

ಉತ್ತರ: ಮೊದಲು ಆ ಎರಡು ಹೋಳುಗಳನ್ನು ಬಿಸಾಡಿಲ್ಲ ತಾನೇ? ಬಿಸಾಡಬೇಡಿ. ಒಡೆದ ಗಾಜಿನಷ್ಟು ಚೆನ್ನಾಗಿ ನಡೆದದ್ದನ್ನು ಹೇಳುವ ವಸ್ತು ಇನ್ನೊಂದಿಲ್ಲ.

ಒಂದು ಹೋಳನ್ನು ಕೈಗೆ ತೆಗೆದುಕೊಂಡು, ಒಡೆದ ಜಾಗದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಂಚು ಬ್ಲೇಡಿನಂತೆ ಚೂಪಾಗಿದ್ದರೆ ಅದು ತಣ್ಣಗಾಗುವಾಗ ಇಲ್ಲವೇ ತಣ್ಣಗಾದ ಮೇಲೆ ಒಡೆದದ್ದು. ಅಂಚು ಕರಗಿ ದುಂಡಗಾಗಿದ್ದರೆ ಕಾಯಿಸುವಾಗಲೇ ಒಡೆದು, ಆಮೇಲೆ ಬಿಸಿಗೆ ಮೆತ್ತಗಾದದ್ದು. ನಿಮ್ಮದು ಮೂರನೇ ದಿನ ಒಡೆದಿದೆ, ಹಾಗಾಗಿ ಖಂಡಿತ ಚೂಪಾಗಿರುತ್ತದೆ. ಇನ್ನು ಬಿರುಕು ಯಾವ ದಾರಿಯಲ್ಲಿ ಹೋಗಿದೆ ನೋಡಿ. ದಪ್ಪದ ನಡುವೆ ಹಾವಿನ ಹಾಗೆ ಬಳುಕಿಕೊಂಡು ಹೋಗಿದ್ದರೆ ಗಾಜು ಆರಿದ ರೀತಿ ಸರಿಯಿಲ್ಲ ಎಂದು ಅರ್ಥ. ಕರಗದೆ ಉಳಿದ ಆ ಚೂರಿನ ಮೈಯನ್ನು ಸುತ್ತಿಕೊಂಡು ಹೋಗಿದ್ದರೆ ಎರಡು ಗಾಜುಗಳಿಗೆ ಹೊಂದಾಣಿಕೆ ಆಗಿಲ್ಲ ಎಂದು ಅರ್ಥ. ನಿಮ್ಮ ಆಮೆಯಲ್ಲಿ ಎರಡೂ ತಪ್ಪು ಇವೆ. ಬಿರುಕು ಚೂರಿನ ಪಕ್ಕದಲ್ಲಿ ಶುರುವಾಗಿ ನಡುವೆ ಬಳುಕಿ ಹೋಗಿದ್ದರೆ ನನಗೆ ಆಶ್ಚರ್ಯವಿಲ್ಲ.

ಮೊದಲು ಆ ಬೌಲಿನ ವಿಷಯ. ಬಾಟಲಿ, ಕಿಟಕಿ ಗಾಜು, ಉಪ್ಪಿನಕಾಯಿ ಜಾಡಿ ಇವೆಲ್ಲ ಸೋಡಾ-ಸುಣ್ಣದ ಗಾಜು. ಸುಮಾರು ಮುಕ್ಕಾಲು ಪಾಲು ಮರಳಿನ ಸಿಲಿಕಾ, ಉಳಿದದ್ದು ಹೆಚ್ಚಾಗಿ ಸೋಡಾ ಮತ್ತು ಸುಣ್ಣ. ಓವನ್ನಿನಲ್ಲಿ ಇಡುವ ಬೌಲು ಸಾಮಾನ್ಯವಾಗಿ ಬೊರೊಸಿಲಿಕೇಟ್. ಅದರಲ್ಲಿ ಬೋರಾನ್ ಸೇರಿರುತ್ತದೆ. ನೋಡಲು ಎರಡೂ ಒಂದೇ, ಗುಣ ಮಾತ್ರ ಪೂರ್ತಿ ಬೇರೆ. ಸೋಡಾ ಗಾಜು 720-730 ಡಿಗ್ರಿಯ ಹೊತ್ತಿಗೆ ಮೆತ್ತಗಾಗುತ್ತದೆ, ಬೊರೊಸಿಲಿಕೇಟಿಗೆ 820 ಬೇಕು. ನಿಮ್ಮ 850 ಡಿಗ್ರಿಯಲ್ಲಿ ಬಾಟಲಿ ಹರಿದಿದೆ, ಬೌಲಿನ ಚೂರು ಸುಮ್ನೆ ಸ್ವಲ್ಪ ಮೂಲೆ ಸವೆಸಿಕೊಂಡು ಕೂತಿದೆ. ಕರಗದೆ ಕಂಡ ಚೂರು ಅದೇ.

ಅದು ಕರಗಿದ್ದರೂ ಉಪಯೋಗವಿರಲಿಲ್ಲ. ಬಿಸಿಯಿಂದ ತಣ್ಣಗಾಗುವಾಗ ಗಾಜು ಕುಗ್ಗುತ್ತದೆ. 500 ಡಿಗ್ರಿಯಿಂದ ಕೋಣೆಯ ಬಿಸಿಗೆ ಇಳಿಯುವಷ್ಟರಲ್ಲಿ 10 ಸೆಂಟಿಮೀಟರ್ ಉದ್ದದ ಬಾಟಲಿ ಗಾಜು ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್ ಕುಗ್ಗುತ್ತದೆ. ಬೊರೊಸಿಲಿಕೇಟ್ ಅದರ ಮೂರನೇ ಒಂದು ಪಾಲಿನಷ್ಟೇ ಕುಗ್ಗುತ್ತದೆ. ಒಂದಕ್ಕೊಂದು ಅಂಟಿಕೊಂಡ ಎರಡು ಗಾಜುಗಳು ಹೀಗೆ ಬೇರೆ ಬೇರೆ ಅಳತೆಯಲ್ಲಿ ಕುಗ್ಗಿದರೆ ಎಳೆದಾಟ ಶುರುವಾಗುತ್ತದೆ. ಗಾಜು ಒತ್ತಡವನ್ನು ಎಷ್ಟು ಬೇಕಾದರೂ ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಎಷ್ಟು ನಿಧಾನವಾಗಿ ಆರಿಸಿದರೂ ಈ ಜಗಳ ಬಿಡಿಸಲು ಆಗದು.

ಹಸಿರು ಬಾಟಲಿಗಳೂ ಎಲ್ಲವೂ ಒಂದೇ ಅಲ್ಲ. ಒಂದೊಂದು ಕಾರ್ಖಾನೆಯ ಬೆರಕೆಯಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ, ದಪ್ಪ ವಸ್ತುವನ್ನು ಒಡೆಯಲು ಅಷ್ಟು ಸಾಕು. ಹಾಗಾಗಿ ನನ್ನ ಮೊದಲ ನಿಯಮ: ಒಂದು ವಸ್ತುವಿಗೆ ಒಂದೇ ಬಾಟಲಿ. ಒಂದು ದೊಡ್ಡ ಬಾಟಲಿಯಲ್ಲಿ ಅರ್ಧ ಕಿಲೋ ಗಾಜು ಆರಾಮಾಗಿ ಸಿಗುತ್ತದೆ, ನಿಮ್ಮ ಆಮೆಗೆ ಅದು ಧಾರಾಳ. ಎಷ್ಟು ಬೇಕು ಎಂದು ತಿಳಿಯಲು ಮಣ್ಣಿನ ಇಲ್ಲವೇ ಮೇಣದ ಮಾದರಿಯನ್ನು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಚೆಲ್ಲಿದ ನೀರನ್ನು ಅಳೆಯಿರಿ. 140 ಮಿಲಿಲೀಟರ್ ಚೆಲ್ಲಿದರೆ ಅದನ್ನು 2.5ರಿಂದ ಗುಣಿಸಿ: 350 ಗ್ರಾಂ ಗಾಜು. ಹಳೇ ಟಿವಿಯ ಪಿಕ್ಚರ್ ಟ್ಯೂಬ್, ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬು ಇವನ್ನು ಮಾತ್ರ ಮುಟ್ಟಬೇಡಿ. ಮೊದಲನೆಯದರಲ್ಲಿ ಸೀಸ ಇದೆ, ಉಳಿದೆರಡರಲ್ಲಿ ಪಾದರಸ.

ಗಾಜನ್ನು ಜಾಸ್ತಿ ಪುಡಿ ಮಾಡಬೇಡಿ. ಪುಡಿಯ ನಡುವೆ ಗಾಳಿ ಸಿಕ್ಕಿಕೊಂಡು ಎರಕ ಹಾಲಿನ ಹಾಗೆ ಮಸುಕಾಗುತ್ತದೆ. ದೊಡ್ಡ ದೊಡ್ಡ ತುಂಡು ಹಾಕಿದಷ್ಟೂ ತಿಳಿಯಾಗಿ ಬರುತ್ತದೆ. ಲೇಬಲ್ಲಿನ ಅಂಟು ಒಂದಿಷ್ಟೂ ಉಳಿಯದ ಹಾಗೆ ತೊಳೆಯಿರಿ.

ಇನ್ನು ಮುಖ್ಯವಾದ ಮಾತು. ನೀವು 850 ಡಿಗ್ರಿಯ ಬಗ್ಗೆ ಬರೆದಿದ್ದೀರಿ, ಒಂದು ಗಂಟೆಯ ಬಗ್ಗೆ ಬರೆದಿದ್ದೀರಿ. ಆರಿಸಿದ್ದರ ಬಗ್ಗೆ ಬರೆದದ್ದು ಒಂದೇ ಸಾಲು: ಸ್ವಿಚ್ ಆಫ್ ಮಾಡಿ ರಾತ್ರಿಯಿಡೀ ಬಿಟ್ಟೆ. ಮಣ್ಣಿನ ಕೆಲಸದಲ್ಲಿ ಅಷ್ಟು ಸಾಕು. ಗಾಜಿನಲ್ಲಿ ಕಾಯಿಸುವುದು ಸಣ್ಣ ಕೆಲಸ, ಆರಿಸುವುದೇ ಎರಕ. ಹೀಗೆ ಗಾಜನ್ನು ನಿಧಾನವಾಗಿ ತಣ್ಣಗಾಗಿಸುವುದಕ್ಕೆ ಅನೀಲಿಂಗ್ ಎನ್ನುತ್ತಾರೆ. ನಾನು ಹದ ಆರಿಸುವುದು ಅಂತ ಹೇಳುತ್ತೇನೆ.

ಗಾಜು ಬಿಸಿಯನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಸ್ವಿಚ್ ಆಫ್ ಮಾಡಿದಾಗ ನಿಮ್ಮ ಆಮೆಯ ಚಿಪ್ಪು ಮೊದಲು ತಣ್ಣಗಾಗಿ ಗಟ್ಟಿಯಾಯಿತು, ಒಳಗೆ ಇನ್ನೂ ಮೆತ್ತಗೆ ಇತ್ತು. ಆಮೇಲೆ ಒಳಗಿನದು ಕುಗ್ಗಲು ಹೊರಟಿತು, ಹೊರಗಿನದು ಬಿಡಲಿಲ್ಲ. ಕೊನೆಗೆ ಹೊರಮೈ ಒತ್ತಡದಲ್ಲಿ, ಒಳಗು ಎಳೆತದಲ್ಲಿ ನಿಂತುಬಿಟ್ಟಿತು. ಕರಗಿದ ಗಾಜಿನ ಹನಿಯನ್ನು ನೀರಿಗೆ ಬಿಟ್ಟಾಗ ಆಗುವುದೂ ಇದೇ. ಯುರೋಪಿನಲ್ಲಿ ಹದಿನೇಳನೇ ಶತಮಾನದಿಂದಲೂ ಅದನ್ನು ಪ್ರಿನ್ಸ್ ರೂಪರ್ಟ್‌ನ ಹನಿ ಎಂದು ಕರೆಯುತ್ತಾರೆ. ಅದರ ತಲೆಗೆ ಸುತ್ತಿಗೆಯಲ್ಲಿ ಹೊಡೆದರೂ ಏನೂ ಆಗುವುದಿಲ್ಲ, ಬಾಲದ ತುದಿಯನ್ನು ಮುರಿದರೆ ಇಡೀ ಹನಿ ಪುಡಿಪುಡಿ.

ಈಗ ನಿಮ್ಮ ಮೂರು ದಿನದ ಲೆಕ್ಕಕ್ಕೆ ಬನ್ನಿ. ಒತ್ತಡದಲ್ಲಿದ್ದ ಹೊರಮೈ ಆಮೆಯನ್ನು ಕಾಯುತ್ತಿತ್ತು. ನೀವು ಎರಡು ದಿನ ಕೂತು ಹೊಟ್ಟೆಯ ಭಾಗವನ್ನು ಉಜ್ಜಿ ಆ ಕಾವಲನ್ನೇ ಸವೆಸಿದಿರಿ. 220ರ ಪೇಪರು ಸಾವಿರಾರು ಸಣ್ಣ ಗೀರು ಬಿಟ್ಟಿತು. ಒಂದು ಗೀರಿನ ತುದಿ ಎಳೆತ ಇದ್ದ ಜಾಗವನ್ನು ಮುಟ್ಟಿರಬೇಕು. ಮೇಲೆ ನೀರು ಬೇರೆ. ಬಿರುಕಿನ ತುದಿಯಲ್ಲಿ ಗಾಜಿನ ಬಂಧವನ್ನು ನೀರು ಬಿಡಿಸುತ್ತಾ ಹೋಗುತ್ತದೆ, ಗಾಳಿಯ ತೇವವೇ ಸಾಕು. ಕಣ್ಣಿಗೆ ಕಾಣದ ಬಿರುಕು ಗಂಟೆಗಟ್ಟಲೆ, ದಿನಗಟ್ಟಲೆ ಒಳಗೆ ತೆವಳುತ್ತದೆ, ಒಂದು ಹಂತ ದಾಟಿದ ಮೇಲೆ ಒಂದೇ ಕ್ಷಣದಲ್ಲಿ ಓಡುತ್ತದೆ. ನೀವು ಕೇಳಿದ ಟಪ್ ಶಬ್ದ ಅದು. ಯಾರೂ ಮುಟ್ಟಿರಲಿಲ್ಲ ಎಂದು ಬರೆದಿದ್ದೀರಿ. ಮುಟ್ಟಬೇಕಾಗೂ ಇರಲಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಮನೆಯಲ್ಲಿ ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪ್ ಇದೆಯಲ್ವಾ, ಅದರಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಆ ಬೆಳಕು ಆಗಲೇ ಧ್ರುವೀಕರಣ ಆಗಿರುತ್ತದೆ, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಪೋಲರೈಸ್ಡ್ ತಂಪು ಕನ್ನಡಕ ಹಿಡಿದು, ಪರದೆ ಪೂರ್ತಿ ಕಪ್ಪಾಗುವ ತನಕ ತಿರುಗಿಸಿ. ಈಗ ಪರದೆಗೂ ಕನ್ನಡಕಕ್ಕೂ ನಡುವೆ ಗಾಜನ್ನು ಹಿಡಿಯಿರಿ. ಚೆನ್ನಾಗಿ ಹದ ಆರಿದ ಗಾಜು ಕತ್ತಲಾಗೇ ಇರುತ್ತದೆ. ಎಳೆತ ಉಳಿದ ಕಡೆ ಬೆಳಕು ತೂರಿ ಬರುತ್ತದೆ, ಜಾಸ್ತಿ ಇದ್ದರೆ ಬಣ್ಣದ ಪಟ್ಟೆಗಳೂ ಕಾಣುತ್ತವೆ. ನಿಮ್ಮ ಹೋಳಿನಲ್ಲಿ ಬೌಲಿನ ಚೂರಿನ ಸುತ್ತ ಬೆಳ್ಳನೆ ಪ್ರಭೆ ಕಾಣದಿದ್ದರೆ ಕೇಳಿ. ಉಜ್ಜಲು ಕೂರುವ ಮೊದಲು ಪ್ರತಿ ಎರಕವನ್ನೂ ಹೀಗೆ ನೋಡುವುದು ನನ್ನ ರೂಢಿ. ಬೆಳಕು ತೂರಿದರೆ ಉಜ್ಜುವುದಿಲ್ಲ, ಮತ್ತೆ ಕಿಲ್ನಿಗೆ ಹಾಕಿ ಹದ ಆರಿಸುತ್ತೇನೆ.

ಹಾಗಾದರೆ ಎಷ್ಟು ಹೊತ್ತು ಆರಿಸಬೇಕು? ದಪ್ಪ ಎರಡು ಪಟ್ಟಾದರೆ ಹೊತ್ತು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಈ ಒಂದು ಲೆಕ್ಕ ಗೊತ್ತಿಲ್ಲದೆ ಒಡೆದ ಎರಕಗಳಿಗೆ ಲೆಕ್ಕವಿಲ್ಲ. ಎರಕದ ಗಾಜಿನವರು ಬಳಸುವ ಪಟ್ಟಿಯ ಪ್ರಕಾರ 25 ಮಿಲಿಮೀಟರ್ ದಪ್ಪದ ಗಾಜನ್ನು ಮೊದಲ ಹಂತದಲ್ಲಿ ಗಂಟೆಗೆ 15 ಡಿಗ್ರಿಯಂತೆ ಇಳಿಸಬಹುದು. 50 ಮಿಲಿಮೀಟರ್ ದಪ್ಪಕ್ಕೆ ಗಂಟೆಗೆ 4 ಡಿಗ್ರಿಗಿಂತ ಕಮ್ಮಿ. ನಿಮ್ಮ ಆಮೆ 30 ಮಿಲಿಮೀಟರ್. ಆದರೆ ಅದು ಅಚ್ಚಿನೊಳಗೆ ಕೂತಿದೆ, ಕೆಳಗೆ ದಪ್ಪ ಪ್ಲಾಸ್ಟರ್, ಮೇಲೆ ಖಾಲಿ. ಒಂದೇ ಕಡೆಯಿಂದ ತಣ್ಣಗಾಗುತ್ತದೆ. ಅದಕ್ಕೇ ನಾನಾದರೆ 50 ಮಿಲಿಮೀಟರಿನ ಲೆಕ್ಕ ಹಿಡಿಯುತ್ತೇನೆ.

ಅಂದರೆ ಹೀಗೆ: 850 ಡಿಗ್ರಿಯಿಂದ 550ಕ್ಕೆ ಕಿಲ್ನ್ ತಾನಾಗಿ ಎಷ್ಟು ಬೇಗ ಇಳಿಯುತ್ತದೋ ಇಳಿಯಲಿ. ಇಲ್ಲಿ ತಡ ಮಾಡಿದರೆ ಗಾಜಿನ ಮೇಲ್ಮೈ ಹರಳುಗಟ್ಟಿ ಬಿಳಿ ಪೊರೆ ಬರುತ್ತದೆ, ಬಾಟಲಿ ಗಾಜಿಗೆ ಅದೊಂದು ಕಾಯಿಲೆ. 550ರಲ್ಲಿ 8 ಗಂಟೆ ನಿಲ್ಲಿಸಿ. ಒಳಗೂ ಹೊರಗೂ ಒಂದೇ ಬಿಸಿ ಆಗಲಿ. ಅಲ್ಲಿಂದ 490ರ ತನಕ ಗಂಟೆಗೆ 4 ಡಿಗ್ರಿ. 490ರಿಂದ 430ಕ್ಕೆ ಗಂಟೆಗೆ 7. ಅಲ್ಲಿಂದ ಕೆಳಗೆ ಗಂಟೆಗೆ 20. ಕೂಡಿಸಿ ನೋಡಿ, ಎರಡು ದಿನ ದಾಟುತ್ತದೆ. ಅಂಗೈಯಗಲದ ಆಮೆಗೆ ಎರಡು ದಿನವಾ ಅಂತ ಅನ್ನಿಸಬಹುದು. ಹೌದು, ಎರಡು ದಿನ.

ಇಷ್ಟು ನಿಧಾನವಾಗಿ ಇಳಿಸುವುದು ಕೈಯಿಂದ ಆಗುವ ಕೆಲಸವಲ್ಲ. ಹಂತ ಹಂತವಾಗಿ ಏರಿಸಿ ಇಳಿಸುವ ಪಿಐಡಿ ಕಂಟ್ರೋಲರ್ ಮತ್ತು ಬಿಸಿ ಅಳೆಯುವ ಕೆ ಟೈಪ್ ಥರ್ಮೋಕಪಲ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ, ಜೋಡಣೆಯನ್ನು ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಇನ್ನೊಂದು ನಮ್ಮೂರುಗಳ ಸಮಸ್ಯೆ: ಕರೆಂಟು. ಎರಡು ದಿನದಲ್ಲಿ ಒಮ್ಮೆಯೂ ಹೋಗದೆ ಇರುತ್ತದಾ? ಹೋದರೆ ಗಾಬರಿ ಬೇಡ. ಮುಚ್ಚಳ ಮಾತ್ರ ತೆಗೆಯಬೇಡಿ, ಒಳಗೆ ಇಣುಕಲೂ ಬೇಡ. ಚೆನ್ನಾಗಿ ಇಟ್ಟಿಗೆ ಕಟ್ಟಿದ ಕಿಲ್ನ್ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟು ಬಂದ ಮೇಲೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಬೇಡಿ. ನಿಧಾನವಾಗಿ ಮತ್ತೆ 550ಕ್ಕೆ ಏರಿಸಿ, 8 ಗಂಟೆಯ ಲೆಕ್ಕವನ್ನು ಮೊದಲಿನಿಂದ ಶುರು ಮಾಡಿ. ನಿಮ್ಮ ಕಂಟ್ರೋಲರ್ ಕರೆಂಟು ಬಂದ ಕೂಡಲೇ ಮೊದಲ ಹಂತಕ್ಕೆ ಹೋಗಿ 850ಕ್ಕೆ ಏರಿಸುವ ಜಾತಿಯದ್ದಾ ಎಂದು ಮೊದಲೇ ನೋಡಿಕೊಳ್ಳಿ.

ಈ ಕಷ್ಟ ನಮಗೊಬ್ಬರಿಗೇ ಅಲ್ಲ. ಅಮೆರಿಕದ ಪಾಲೊಮಾರ್ ಬೆಟ್ಟದ ದೂರದರ್ಶಕಕ್ಕೆ 200 ಇಂಚಿನ, ಅಂದರೆ ಐದು ಮೀಟರ್ ದಾಟಿದ ಕನ್ನಡಿಯ ಗಾಜನ್ನು ಎರಕ ಹೊಯ್ದದ್ದು ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಊರಿನ ಕಾರ್ಖಾನೆಯಲ್ಲಿ. 1934ರ ಮಾರ್ಚಿನಲ್ಲಿ ಮೊದಲ ಎರಕ ಹೊಯ್ಯುವಾಗ ಅಚ್ಚಿನ ತಳದ ತುಂಡುಗಳು ಕಿತ್ತು ಗಾಜಿನ ಮೇಲೆ ತೇಲಿ ಬಂದವು. ಡಿಸೆಂಬರಿನಲ್ಲಿ ಎರಡನೇ ಸಲ ಹೊಯ್ದರು. ಅದನ್ನು ಹತ್ತು ತಿಂಗಳು ಆರಿಸಿದರು. ನಡುವೆ 1935ರ ಜುಲೈನಲ್ಲಿ ಅಲ್ಲಿನ ನದಿಗೆ ಪ್ರವಾಹ ಬಂದು ಕರೆಂಟೇ ನಿಂತಿತು. ಆದರೂ ಗಾಜು ಉಳಿಯಿತು, ಇವತ್ತಿಗೂ ಅದು ಪಾಲೊಮಾರ್‌ನಲ್ಲಿ ಕೆಲಸ ಮಾಡುತ್ತಿದೆ. ನನ್ನ ಕಿಲ್ನ್ ಇರುವ ಕೋಣೆಯಲ್ಲಿ ಕರೆಂಟು ಹೋದಾಗಲೆಲ್ಲ ನನಗೆ ಆ ಪ್ರವಾಹ ನೆನಪಾಗಿ ಧೈರ್ಯ ಬರುತ್ತದೆ.

ನಾನೂ ಈ ಪಾಠವನ್ನು ಕಳೆದುಕೊಂಡೇ ಕಲಿತದ್ದು. ಬಹಳ ವರ್ಷದ ಹಿಂದೆ ತಾಯಿಯ ಕೈಯ ಅಚ್ಚು ತೆಗೆದು ಗಾಜಿನಲ್ಲಿ ಎರಕ ಹೊಯ್ದಿದ್ದೆ. ಎಲ್ಲವನ್ನೂ ಸರಿಯಾಗೇ ಮಾಡಿದ್ದೆ. ಕೊನೆಗೆ ಮೀಟರು 140 ಡಿಗ್ರಿ ತೋರಿಸುವಾಗ ತಡೆಯಲಾರದೆ ಮುಚ್ಚಳ ತೆಗೆದೆ. ಜನವರಿಯ ಬೆಳಗ್ಗೆ, ಕೋಣೆ ತಣ್ಣಗಿತ್ತು. ತೋರುಬೆರಳಿನ ಬುಡದಲ್ಲಿ ಕೂದಲೆಳೆಯಂಥ ಗೆರೆ ಮೂಡಿ, ನನ್ನ ಕಣ್ಣೆದುರೇ ಮಣಿಕಟ್ಟಿನ ತನಕ ಹರಿಯಿತು. ಈಗ ಕಿಲ್ನಿನ ಗೋಡೆ ಕೈಗೆ ತಣ್ಣಗೆ ತಾಗುವ ತನಕ ನಾನು ಮುಚ್ಚಳ ಮುಟ್ಟುವುದಿಲ್ಲ.

ಅಚ್ಚಿನ ಬಗ್ಗೆ ನೀವು ಜಾಸ್ತಿ ಬರೆದಿಲ್ಲ. ಬರೀ ಪ್ಲಾಸ್ಟರ್ ಆಗಿದ್ದರೆ ಬದಲಿಸಿ. ಈ ಬಿಸಿಗೆ ಅದು ಕುಗ್ಗಿ ಬಿರುಕು ಬಿಡುತ್ತದೆ. ತೂಕದಲ್ಲಿ ಅರ್ಧ ಪ್ಲಾಸ್ಟರ್, ಅರ್ಧ ನುಣ್ಣನೆಯ ಸಿಲಿಕಾ ಪುಡಿ ಬೆರೆಸಿ. ಈ ಬೆರಕೆಯ ಎರಡು ಪಾಲಿಗೆ ಒಂದು ಪಾಲು ನೀರು. ಪುಡಿಯನ್ನು ನೀರಿಗೆ ಉದುರಿಸಬೇಕು, ಪುಡಿಯ ಮೇಲೆ ನೀರು ಹೊಯ್ಯಬಾರದು. ಗಟ್ಟಿಯಾದ ಅಚ್ಚು ಒಂದು ವಾರ ನೆರಳಿನಲ್ಲಿ ಒಣಗಲಿ. ಆಮೇಲೂ ಪ್ಲಾಸ್ಟರಿನೊಳಗೆ ನೀರು ಇದ್ದೇ ಇರುತ್ತದೆ. ಕಿಲ್ನಿನಲ್ಲಿ ಮೊದಲು 90 ಡಿಗ್ರಿಯಲ್ಲಿ ಕೆಲವು ಗಂಟೆ, ಆಮೇಲೆ 200 ಡಿಗ್ರಿಯಲ್ಲಿ ಕೆಲವು ಗಂಟೆ ಬಿಟ್ಟು ಹಬೆ ಹೋಗಲು ದಾರಿ ಕೊಡಿ. ಕಿಲ್ನಿನ ಕಿಂಡಿಯ ಹತ್ತಿರ ಸ್ಟೀಲ್ ಚಮಚ ಹಿಡಿದರೆ ಅದರ ಮೇಲೆ ಮಂಜು ಕೂರುವುದು ನಿಂತಿರಬೇಕು. ಅಷ್ಟಾದ ಮೇಲೆ ಗಂಟೆಗೆ 100 ಡಿಗ್ರಿಯಂತೆ 670ಕ್ಕೆ ಏರಿಸಿ, ಒಂದು ಗಂಟೆ ನಿಲ್ಲಿಸಿ, ತುಂಡುಗಳ ನಡುವಿನ ಗಾಳಿ ಹೊರಟು ಹೋಗಲಿ. ಮುಂದೆ 850. ಅಲ್ಲಿ ಎರಡು ಗಂಟೆ ಇಟ್ಟು ನೋಡಿ, ನೀವು ಇಟ್ಟ ಒಂದು ಗಂಟೆ ಸಾಲದಾಯಿತು.

ಸಿಲಿಕಾ ಪುಡಿಯ ವಿಷಯದಲ್ಲಿ ನಾನು ಕೈ ಮುಗಿದು ಕೇಳುತ್ತೇನೆ, ಹಗುರವಾಗಿ ತೆಗೆದುಕೊಳ್ಳಬೇಡಿ. ಅದರ ನವಿರು ಧೂಳು ಶ್ವಾಸಕೋಶದೊಳಗೆ ಹೋದರೆ ವಾಪಸ್ ಬರುವುದಿಲ್ಲ. ಸಿಲಿಕೋಸಿಸ್ ಅನ್ನುವ ಆ ಕಾಯಿಲೆಗೆ ಗುಣವಾಗುವ ಮದ್ದಿಲ್ಲ. ನಮ್ಮ ಕಲ್ಲು ಕ್ವಾರಿಗಳಲ್ಲಿ ದುಡಿದವರನ್ನು ಕೇಳಿದರೆ ಗೊತ್ತಾಗುತ್ತದೆ. ಪುಡಿ ಬೆರೆಸುವಾಗ, ಸುಟ್ಟ ಅಚ್ಚು ಒಡೆಯುವಾಗ ಕನಿಷ್ಠ ಎನ್95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಲಿ. ಅಚ್ಚನ್ನು ನೀರು ಚಿಮುಕಿಸಿ ನೆನೆಸಿ ಒಡೆಯಿರಿ. ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳು ಬರುವ ಹೊತ್ತಿನಲ್ಲಿ ಈ ಕೆಲಸ ಇಟ್ಟುಕೊಳ್ಳಲೇಬೇಡಿ.

ಈಗ ಹೊಳಪು. ಒದ್ದೆ ಇದ್ದಾಗ ಫಳಫಳ ಅಂದಿರಲ್ವಾ, ಆ ಹೊಳಪು ನೀರಿನದು. ಉಜ್ಜಿದ ಗಾಜಿನ ಮೈ ತುಂಬ ಸಣ್ಣ ಸಣ್ಣ ಗುಂಡಿಗಳು. ಬೆಳಕು ಅವುಗಳಲ್ಲಿ ಚದುರಿ ಮಂಜಾಗಿ ಕಾಣುತ್ತದೆ. ನೀರು ಗುಂಡಿಗಳನ್ನು ತುಂಬಿ ಮಟ್ಟ ಮಾಡುತ್ತದೆ, ಕಣ್ಣಿಗೆ ಮೋಸವಾಗುತ್ತದೆ. ಆದ್ದರಿಂದ ಪ್ರತಿ ಹಂತದಲ್ಲೂ ತೊಳೆದು, ಒರೆಸಿ, ಪೂರ್ತಿ ಒಣಗಿಸಿ ನೋಡಿ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ 10 ಪಟ್ಟಿನ ಲೂಪ್ ಒಂದು ಇಟ್ಟುಕೊಳ್ಳಿ. ಅದರಲ್ಲಿ 220ರ ಮೈ ಸಕ್ಕರೆ ಚೆಲ್ಲಿದ ಹಾಗೆ ಕಾಣುತ್ತದೆ, 600ರದ್ದು ಮೈದಾ ಸವರಿದ ಹಾಗೆ. ಮೈದಾದ ನಡುವೆ ಒಂದೇ ಒಂದು ಸಕ್ಕರೆ ಕಾಳು ಕಂಡರೂ ಮುಂದಿನ ಹಂತಕ್ಕೆ ಹೋಗಬಾರದು.

ನಿಮ್ಮ ತಪ್ಪು ಅಲ್ಲೇ. 220ರ ಗುಂಡಿಗಳನ್ನು 1000 ತೆಗೆಯಲಾರದು. ಅದು ಗುಂಡಿಗಳ ನಡುವಿನ ದಿಣ್ಣೆಗಳನ್ನು ಮಾತ್ರ ನುಣುಪು ಮಾಡುತ್ತದೆ. ಇನ್ನೂ ಒಂದು ವಿಷಯ, ಕಾಣುವ ಗುಂಡಿಯ ಕೆಳಗೆ ಕಾಣದ ಬಿರುಕುಗಳು ಇಳಿದಿರುತ್ತವೆ. ಗುಂಡಿ ಮಾಯವಾದ ಮೇಲೂ ಸ್ವಲ್ಪ ಹೊತ್ತು ಉಜ್ಜಬೇಕು. ಮಟ್ಟವಾದ ಹೊಟ್ಟೆಗೆ ಪೇಪರಿಗಿಂತ ಸಡಿಲ ಪುಡಿಯೇ ಒಳ್ಳೆಯದು. ಒಂದಡಿ ಅಗಲದ ದಪ್ಪ ಕಿಟಕಿ ಗಾಜು ತಂದು ಮೇಜಿನ ಮೇಲೆ ಒದ್ದೆ ಗೋಣಿಚೀಲ ಹಾಸಿ ಇಡಿ. ಅರ್ಧ ಚಮಚ ಕಾರ್ಬೊರಂಡಮ್ ಎಂಬ ಗಟ್ಟಿಯಾದ ಉಜ್ಜುವ ಪುಡಿ, ನಾಲ್ಕು ಹನಿ ನೀರು. ಆಮೆಯನ್ನು ಅದರ ಮೇಲೆ ಎಂಟರ ಆಕಾರದಲ್ಲಿ ತಿರುಗಿಸಿ. ಮೊದಲು ಕರಕರ ಅನ್ನುತ್ತದೆ. ಕಾಳುಗಳು ಪುಡಿಯಾದಂತೆ ಸದ್ದು ಸಣ್ಣಗಾಗಿ ಸರಸರ ಆಗುತ್ತದೆ. ಆಗ ತೊಳೆದು ಹೊಸ ಪುಡಿ ಹಾಕಿ. ಕಿವಿಯಿಂದಲೇ ಈ ಕೆಲಸ ಅರ್ಧ ಕಲಿಯಬಹುದು. ಹಂತಗಳು 120, 220, 400, 600. ಪ್ರತಿ ಹಂತ ಶುರು ಮಾಡುವ ಮೊದಲು ಒಣ ಗಾಜಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಅಡ್ಡಡ್ಡ ಗೆರೆ ಎಳೆಯಿರಿ. ಎಲ್ಲಾ ಗೆರೆಗಳೂ ಒಟ್ಟಿಗೆ ಅಳಿದರೆ ಮೈ ಮಟ್ಟವಾಗಿದೆ. ನಡುವಿನದು ಉಳಿದರೆ ಅಲ್ಲಿ ತಗ್ಗಿದೆ.

ಚಿಪ್ಪಿನ ಉಬ್ಬಿದ ಮೈಗೆ ಗ್ರಾನೈಟ್ ಪಾಲಿಶ್ ಮಾಡುವವರ ಡೈಮಂಡ್ ಪ್ಯಾಡು ಚೆನ್ನಾಗಿ ಕೆಲಸ ಮಾಡುತ್ತದೆ. ಜಿಗಣಿ, ಇಳಕಲ್ಲಿನ ಕಡೆ ಕಲ್ಲಿನ ಕೆಲಸದವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ 50ರಿಂದ 3000ದ ವರೆಗೆ ಸಿಗುತ್ತವೆ. ನೀರು ಸದಾ ಹರಿಯುತ್ತಿರಲಿ.

ಹಂತ ಬದಲಿಸುವಾಗ ಗಾಜು, ಕೈ, ಉಗುರಿನ ಸಂದು, ಮೇಜು, ಏಪ್ರನ್ ಎಲ್ಲಾ ತೊಳೆಯಬೇಕು. 120ರ ಒಂದು ಕಾಳು ಉಗುರಿನಲ್ಲಿ ಉಳಿದು 600ರ ಹಂತಕ್ಕೆ ಬಂದರೆ ಒಂದು ಗೀರು, ಆ ಒಂದು ಗೀರಿಗೆ ಮತ್ತೆ 220ರಿಂದ ಶುರು. ತೊಳೆದ ನೀರನ್ನು ಸಿಂಕಿಗೆ ಚೆಲ್ಲಬೇಡಿ, ಬಕೆಟಿನಲ್ಲಿ ಕೆಸರು ತಳ ಸೇರಲಿ.

600 ಆದ ಮೇಲೂ ಗಾಜು ಮಂಜಾಗೇ ಇರುತ್ತದೆ. ಅದಕ್ಕೆ ಬೇಸರಪಡಬೇಡಿ, ಇನ್ನು ಬರುವುದೇ ಬೇರೆ ಕೆಲಸ. ಇಲ್ಲಿಯ ತನಕ ಗಾಜನ್ನು ಚೂರು ಚೂರಾಗಿ ಕಿತ್ತಿದ್ದೀರಿ. ಸೀರಿಯಂ ಆಕ್ಸೈಡ್ ಎಂಬ ಪಾಲಿಶ್ ಪುಡಿ ಹಾಗೆ ಕೀಳುವುದಿಲ್ಲ. ನೀರು ಗಾಜಿನ ಮೇಲ್ಪದರವನ್ನು ಮೆತ್ತಗೆ ಮಾಡುತ್ತದೆ, ಸೀರಿಯಂ ಆ ಪದರದ ಜೊತೆ ರಾಸಾಯನಿಕವಾಗಿ ಕೂಡಿಕೊಂಡು ನವಿರಾಗಿ ಎತ್ತುತ್ತದೆ. ಕಾರಿನ ಗಾಜಿನ ಗೀರು ತೆಗೆಯಲು ಮಾರುವ ತಿಳಿ ಕಂದು ಇಲ್ಲವೇ ಬಿಳಿ ಪುಡಿ ಇದೇ. ಮಜ್ಜಿಗೆಯ ಹದಕ್ಕೆ ಕಲಸಿ, ಗಟ್ಟಿ ಉಣ್ಣೆಯ ಫೆಲ್ಟ್ ಮೇಲೆ ಹಚ್ಚಿ, ಒತ್ತಿ ಉಜ್ಜಿ. ಫೆಲ್ಟ್ ಪೂರ್ತಿ ತೊಯ್ದಿರಬಾರದು, ಒಣಗಲೂಬಾರದು. ಸ್ವಲ್ಪ ಎಳೆದು ಹಿಡಿದ ಹಾಗೆ ಕೈಗೆ ತಿಳಿಯುತ್ತದೆ, ಹೊಳಪು ಬರುವುದು ಆ ಹಂತದಲ್ಲೇ. ಡ್ರಿಲ್ಲಿಗೆ ಫೆಲ್ಟ್ ಚಕ್ರ ಹಾಕಿದರೆ ಬೇಗ ಆಗುತ್ತದೆ, ಆದರೆ ನಿಧಾನ ವೇಗದಲ್ಲಿ ಓಡಿಸಿ. ಗಾಜು ಕೈಗೆ ಬೆಚ್ಚಗಾದರೆ ನಿಲ್ಲಿಸಿ. ಒಣ ಫೆಲ್ಟಿನ ಬಿಸಿಗೆ ಪಾಲಿಶ್ ಹಂತದಲ್ಲಿ ಒಡೆದ ಎರಕಗಳು ಬಹಳ. ಮೊದಲ ಹತ್ತು ನಿಮಿಷ ಏನೂ ಆಗಿಲ್ಲ ಅನ್ನಿಸುತ್ತದೆ. ಆಮೇಲೆ ನಡುವೆ ಎಲ್ಲೋ ಒಂದು ಕಡೆ ಬೂದು ಮೈಯೊಳಗಿಂದ ಟ್ಯೂಬ್‌ಲೈಟಿನ ಬಿಂಬ ಇಣುಕುತ್ತದೆ. ಎಷ್ಟು ವರ್ಷವಾದರೂ ನನಗೆ ಆ ಗಳಿಗೆಯ ಖುಷಿ ಕಮ್ಮಿಯಾಗಿಲ್ಲ.

ಕೊನೆಗೆ ಮಗನ ಲೆನ್ಸು. ಎರಕದ ಬಾಟಲಿ ಗಾಜಿನಿಂದ ಬೇಡ. ಲೆನ್ಸಿನಲ್ಲಿ ಬೆಳಕು ಗಾಜಿನ ಒಳಗೆ ಹಾದು ಹೋಗುತ್ತದೆ, ಒಳಗಿನ ಗುಳ್ಳೆ, ಎಳೆ ಎಳೆಯಾದ ಬೆರಕೆ ಎಲ್ಲವೂ ನೋಟವನ್ನು ಕೆಡಿಸುತ್ತವೆ. ಸಕ್ಕರೆ ಪಾಕವನ್ನು ನೀರಿಗೆ ಹೊಯ್ದಾಗ ಕಾಣುವ ಎಳೆಗಳನ್ನು ನೋಡಿದ್ದೀರಲ್ವಾ, ಹಾಗೆ. ಈ ಎಳೆಗಳನ್ನು ತೆಗೆಯುವ ದಾರಿ ಕಂಡುಹಿಡಿದವನೂ ಮನೆಯಲ್ಲೇ ಪ್ರಯೋಗ ಶುರು ಮಾಡಿದವನು. ಸ್ವಿಟ್ಜರ್ಲೆಂಡಿನ ಪಿಯರ್ ಲೂಯಿ ಗಿನಾಂ ದೊಡ್ಡ ಓದು ಓದಿದವನಲ್ಲ, ಗಡಿಯಾರದ ಗಂಟೆ ಮಾಡುತ್ತಿದ್ದ. 1780ರ ದಶಕದಿಂದ ವರ್ಷಾನುಗಟ್ಟಲೆ ಸ್ವಂತ ದುಡ್ಡು ಸುರಿದು ಗಾಜು ಕರಗಿಸಿದ. ಕೊನೆಗೆ ಸುಟ್ಟ ಬೆಂಕಿಮಣ್ಣಿನ ಕೋಲಿನಿಂದ ಕರಗಿದ ಗಾಜನ್ನು ಕಲಕಿದರೆ ಅದು ಒಂದೇ ಸಮನಾಗುತ್ತದೆ ಎಂದು ಕಂಡುಕೊಂಡ. ಅವನ ಕೈಯಿಂದಲೇ ಆ ವಿದ್ಯೆ ಜರ್ಮನಿಯ ಹೆಸರಾಂತ ಲೆನ್ಸ್ ತಯಾರಕ ಫ್ರೌನ್‌ಹೋಫರನಿಗೆ ಬಂತು. ಕೋಲಿನಿಂದ ಕಲಕಲು ಗಾಜು ನೀರಾಗಿ ಹರಿಯಬೇಕು, ನಿಮ್ಮ ಕಿಲ್ನಿನ ಬಿಸಿ ಅದಕ್ಕೆ ಸಾಲದು.

ಆದರೆ ದೂರದರ್ಶಕಕ್ಕೆ ಲೆನ್ಸಿನ ಬದಲು ಕನ್ನಡಿ ಮಾಡಬಹುದು. ಕನ್ನಡಿಯಲ್ಲಿ ಬೆಳಕು ಗಾಜಿನ ಮೇಲ್ಮೈಯಿಂದಲೇ ವಾಪಸ್ ಹೋಗುತ್ತದೆ, ಒಳಗೆ ಗುಳ್ಳೆ ಇದ್ದರೂ ಅಡ್ಡಿಯಿಲ್ಲ. 6 ಇಂಚಿನ ದಪ್ಪ ಗಾಜಿನ ಬಿಲ್ಲೆಯನ್ನು ಕೊಂಡು ತನ್ನಿ, ಎರಕದ ಗೋಜೇ ಬೇಡ. 48 ಇಂಚಿನ ಫೋಕಸ್, ಅಂದರೆ ಬೆಳಕು ಅಷ್ಟು ದೂರದಲ್ಲಿ ಒಂದೆಡೆ ಸೇರುವುದು ಬೇಕಾದರೆ, ನಡುವೆ ತಗ್ಗು ಮಾಡಬೇಕಾದದ್ದು 1.2 ಮಿಲಿಮೀಟರ್ ಮಾತ್ರ. ನೀವು ಕಲಿಯಲಿರುವ ಅದೇ ಪುಡಿಗಳು, ಅದೇ ಸೀರಿಯಂ. ಫೆಲ್ಟಿನ ಬದಲು ಡಾಂಬರಿನಂಥ ಪಿಚ್ ಮೇಲೆ ಪಾಲಿಶ್ ಮಾಡಬೇಕು ಅಷ್ಟೇ. ಕೊನೆಯ ಮೈ ಒಂದು ಮಿಲಿಮೀಟರಿನ ಹದಿನಾಲ್ಕು ಸಾವಿರದಲ್ಲೊಂದು ಭಾಗದಷ್ಟು ನಿಖರವಾಗಿರಬೇಕು. ಕೈಯಲ್ಲಿ ಆಗುತ್ತದಾ ಅಂದರೆ ಆಗುತ್ತದೆ. ಅಳೆಯುವುದಕ್ಕೆ ಒಂದು ದೀಪ, ಒಂದು ಬ್ಲೇಡು ಸಾಕು, ಫ್ರಾನ್ಸಿನ ವಿಜ್ಞಾನಿ ಫೂಕೋ 1858ರ ಸುಮಾರಿಗೆ ತೋರಿಸಿಕೊಟ್ಟ ದಾರಿ ಅದು. ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಇಂಗ್ಲೆಂಡಿನ ಬಾತ್ ಊರಿನ ಮನೆಯಲ್ಲಿ ಲೋಹದ ಕನ್ನಡಿ ಉಜ್ಜುವಾಗ ಒಮ್ಮೆ 16 ಗಂಟೆ ಕೈ ತೆಗೆಯಲಿಲ್ಲ, ತಂಗಿ ಕ್ಯಾರೊಲಿನ್ ಬಾಯಿಗೆ ತುತ್ತು ಇಡುತ್ತಿದ್ದಳು. ಅಷ್ಟು ದೂರದ ಮಾತೇಕೆ, ತಮಿಳುನಾಡಿನ ಕಾವಲೂರಿನಲ್ಲಿರುವ ವೇಣು ಬಾಪು ದೂರದರ್ಶಕದ 2.34 ಮೀಟರ್ ಕನ್ನಡಿಯನ್ನು ಉಜ್ಜಿ ಪಾಲಿಶ್ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, ಭಾರತೀಯ ಖಭೌತ ಸಂಸ್ಥೆಯ ಲ್ಯಾಬಿನಲ್ಲಿ. 1986ರಿಂದ ಅದು ಆಕಾಶ ನೋಡುತ್ತಿದೆ.

ಮಗನನ್ನು ಇವತ್ತೇ ಕೂರಿಸಬಹುದು. ಒಡೆದ ಆಮೆಯ ಎರಡು ಹೋಳುಗಳಲ್ಲಿ ಬೌಲಿನ ಚೂರು ಇಲ್ಲದ್ದನ್ನು ಆಯ್ದುಕೊಂಡು, ಲ್ಯಾಪ್‌ಟಾಪಿನ ಮುಂದೆ ಹಿಡಿದು ಎಳೆತ ಎಷ್ಟಿದೆ ನೋಡಿ. ಅದನ್ನು ಕಿಲ್ನಿಗೆ ಹಾಕಿ, ಗಂಟೆಗೆ 50 ಡಿಗ್ರಿ ಮೀರದ ಹಾಗೆ 550ಕ್ಕೆ ಏರಿಸಿ, ಮೇಲೆ ಹೇಳಿದ ಹಾಗೆ ಎರಡು ದಿನ ಹದ ಆರಿಸಿ. ಆಮೇಲೆ ಮತ್ತೆ ಲ್ಯಾಪ್‌ಟಾಪಿನ ಮುಂದೆ. ಕತ್ತಲಾಗಿ ಕಂಡರೆ, ಚೂಪಾದ ಅಂಚನ್ನೆಲ್ಲ ಮೊದಲು ನೀರಿನಲ್ಲಿ ಉಜ್ಜಿ ಮೊಂಡು ಮಾಡಿ, ಒಡೆದ ಮೈಯನ್ನು ಕಿಟಕಿ ಗಾಜಿನ ಮೇಲೆ ಇಟ್ಟು 120ರ ಪುಡಿಯಿಂದ ಶುರು ಮಾಡಿಸಿ.